ಗುಜರಿಯ ದಾರಿಯಿಂದ ಮರಳಿದ ಕಾರುಗಳು

ಭಾನುವಾರ ಬೆಳಿಗ್ಗೆ ಆರೂವರೆ. ಬಸವನಗುಡಿಯದೋ ಮಲ್ಲೇಶ್ವರದ್ದೋ ಒಂದು ಅಡ್ಡರಸ್ತೆ. ಹಾಲಿನವರು ಬಂದು ಹೋಗಿದ್ದಾರೆ, ಪೇಪರು ಇನ್ನೂ ಗೇಟಿಗೆ ಸಿಕ್ಕಿಸಿದ ಹಾಗೇ ಇದೆ. ಒಂದು ಮನೆಯ ಮುಂದೆ ಬಟ್ಟೆಯ ಹೊದಿಕೆ ಸರಿಯುತ್ತದೆ. ಕೆಳಗಿರುವುದು ಕೆನೆಬಣ್ಣದ ಫಿಯಟ್. ಒಡೆಯ ಚೋಕ್ ಎಳೆದು ಸೆಲ್ಫ್ ಹೊಡೆಯುತ್ತಾನೆ. ಒಂದು ಸಲ ಗೊರಗೊರ, ಎರಡನೇ ಸಲ ಇನ್ನೂ ಸ್ವಲ್ಪ ಆಸೆ, ಮೂರನೇ ಸಲಕ್ಕೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹಸಿ ಪೆಟ್ರೋಲಿನ ವಾಸನೆ ರಸ್ತೆಗೆಲ್ಲ ಹರಡುತ್ತದೆ. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, ‘ನಮ್ಮ ಮದುವೆ ದಿಬ್ಬಣ ಇಂಥ ಕಾರಲ್ಲೇ ಹೊರಟಿದ್ದು’ ಎನ್ನುತ್ತಾರೆ. ಸೈಕಲ್ ಮೇಲಿನ ಹುಡುಗ ಕಾಲೂರಿ ನಿಂತು, ಸ್ಟಿಯರಿಂಗಿನ ಪಕ್ಕದಲ್ಲಿ ಗೇರ್ ಹಾಕುವ ಕೋಲನ್ನು ಕಣ್ಣರಳಿಸಿ ನೋಡುತ್ತಾನೆ.

ಹಳೆಯ ಕಾರುಗಳ ಮೆರವಣಿಗೆಯನ್ನು ನಾವೆಲ್ಲ ಒಂದಲ್ಲ ಒಂದು ಸಲ ನೋಡಿದ್ದೇವೆ. ಫೋಟೊ ತೆಗೆಸಿಕೊಂಡಿದ್ದೇವೆ, ‘ದುಡ್ಡಿದ್ದವರ ಹವ್ಯಾಸ’ ಎಂದುಕೊಂಡು ಮನೆಗೆ ಬಂದಿದ್ದೇವೆ. ಆ ಕಾರು ಅಲ್ಲಿಗೆ ಹೇಗೆ ಬಂತು, ಅದಕ್ಕೂ ಮೊದಲು ಯಾವ ಹಿತ್ತಿಲಲ್ಲಿ ಎಷ್ಟು ಮಳೆಗಾಲ ನೆನೆಯಿತು, ಯಾರ ಯಾರ ಕೈ ದಾಟಿತು ಎನ್ನುವುದು ಹೊರಗಿನವರಿಗೆ ಕಾಣುವುದಿಲ್ಲ. ದುಡ್ಡು ಬೇಕು, ನಿಜ. ಆದರೆ ಹಳೆಯ ಕಾರನ್ನು ನಿಜವಾಗಿ ಉಳಿಸಿರುವುದು ಟಿಂಕರ್ ಕೆಲಸದವರು, ಲೇತ್ ಶೆಡ್ಡಿನವರು, ಕುಶನ್ ಹೊಲಿಯುವವರು ಮತ್ತು ವಾರಕ್ಕೊಮ್ಮೆ ತಪ್ಪದೆ ಕಾರನ್ನು ಹೊರಗೆ ತೆಗೆಯುವ ಮಾಲೀಕರು.

ಎಷ್ಟು ವರ್ಷವಾದರೆ ಹಳೆಯದು?

ಎಲ್ಲ ಹಳೆಯ ಕಾರುಗಳನ್ನೂ ‘ವಿಂಟೇಜ್’ ಎಂದು ಕರೆಯುವುದು ನಮ್ಮ ರೂಢಿ. ಪ್ಯಾರಿಸ್ಸಿನಲ್ಲಿ 1966ರಲ್ಲಿ ಹುಟ್ಟಿದ ‘ಫಿವಾ’ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕ ಬೇರೆ. ಅದರ ಪ್ರಕಾರ 1919ರಿಂದ 1930ರವರೆಗೆ ತಯಾರಾದವು ಮಾತ್ರ ವಿಂಟೇಜ್. ಅದಕ್ಕಿಂತ ಹಿಂದಿನವಕ್ಕೂ ಮುಂದಿನವಕ್ಕೂ ಬೇರೆ ಬೇರೆ ವರ್ಗಗಳಿವೆ. ಕನಿಷ್ಠ 30 ವರ್ಷ ತುಂಬಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು, ತಯಾರಾದ ಕಾಲದ ರೂಪ ಉಳಿಸಿಕೊಂಡಿರಬೇಕು. ಇಷ್ಟಿದ್ದರೆ ಅದು ಚಾರಿತ್ರಿಕ ವಾಹನ.

ಈ ಅಳತೆಯಲ್ಲಿ ನೋಡಿದರೆ 1983ರ ಡಿಸೆಂಬರಿನಲ್ಲಿ ಮೊದಲ ಬಾರಿ ಗ್ರಾಹಕರ ಕೈ ಸೇರಿದ ಮಾರುತಿ 800 ಕೂಡ ಈಗ ಚರಿತ್ರೆಯ ಸಾಲಿಗೆ ಸೇರಿದೆ. ನಿಮ್ಮ ಪಕ್ಕದ ಮನೆಯ ಮಾವ ಇನ್ನೂ ಜೋಪಾನ ಮಾಡಿಟ್ಟಿರುವ ಆ ಪುಟ್ಟ ಕಾರಿಗೆ ಇನ್ನು ಮುಂದೆ ಸ್ವಲ್ಪ ಗೌರವ ಕೊಡಿ.

ಭಾರತದ ಕಾನೂನಿನ ಅಳತೆ ಇನ್ನೊಂದು. 2021ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ, ದೊಡ್ಡ ಮಾರ್ಪಾಡು ಕಾಣದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಅದರ ವಿವರಕ್ಕೆ ಮುಂದೆ ಬರೋಣ.

ಅರಮನೆಯ ಕಾರು, ನಮ್ಮ ಕಾರು

ಹಳೆಯ ಕಾರೆಂದರೆ ಮಹಾರಾಜರ ರೋಲ್ಸ್ ರಾಯ್ಸ್ ಕಣ್ಮುಂದೆ ಬರುತ್ತದೆ. ಅಂಥವುಗಳ ಬಗ್ಗೆ ಚಿಂತೆ ಬೇಡ. ಅವುಗಳಿಗೆ ಬೆಲೆಯಿದೆ, ಕಾಯುವವರಿದ್ದಾರೆ, ಇಂಗ್ಲೆಂಡಿನಿಂದ ಬಿಡಿಭಾಗ ತರಿಸುವ ಶಕ್ತಿಯಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನೂ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಕಾರು ಸಂಗ್ರಹಾಲಯವನ್ನೂ ನೋಡಿದವರಿಗೆ ಅಂಥ ಕಾರುಗಳ ಆರೈಕೆ ಹೇಗಿರುತ್ತದೆಂದು ಗೊತ್ತು.

ಹೆಚ್ಚು ಅಪಾಯದಲ್ಲಿರುವುದು ಸಾಮಾನ್ಯರು ಓಡಾಡಿದ ಕಾರುಗಳು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಶುರುವಾದ ಅಂಬಾಸಿಡರ್, 2014ರ ಮೇ ತಿಂಗಳಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ ತಯಾರಾಯಿತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸಿದ ಫಿಯಟ್ 1100, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಹೆಸರು ಬದಲಾದರೂ ನಮ್ಮ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಮದರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಬರುತ್ತಿತ್ತು. ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮುಂಭಾಗವೇ ಎದುರಿಗೆ ತೆರೆದುಕೊಳ್ಳುವ ಕಾರು ಅದು.

ಬೆಂಗಳೂರಿನದೇ ಒಂದು ಅಧ್ಯಾಯವಿದೆ, ಈಗ ಅದನ್ನು ನೆನೆಯುವವರು ಕಡಿಮೆ. 1970ರ ದಶಕದಲ್ಲಿ ಇಲ್ಲಿಂದ ‘ಬಾದಲ್’ ಎಂಬ ಮೂರು ಚಕ್ರದ ಕಾರು ಹೊರಬಂತು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ‘ಸಿಪಾನಿ ಡಾಲ್ಫಿನ್’ ಬಂತು. ಇವುಗಳ ಮೈ ಫೈಬರ್ ಗ್ಲಾಸಿನದು. ಅದೇ ಸುಮಾರಿಗೆ ಬಂದ ಮಾರುತಿಯ ಎದುರು ಡಾಲ್ಫಿನ್‌ಗೆ ನಿಲ್ಲಲಾಗಲಿಲ್ಲ. ನಮ್ಮ ನಗರದಲ್ಲೇ ತಯಾರಾದ ಈ ಕಾರೊಂದನ್ನು ರಸ್ತೆಯಲ್ಲಿ ನೋಡುವುದು ಇವತ್ತು ರೋಲ್ಸ್ ರಾಯ್ಸ್ ನೋಡುವುದಕ್ಕಿಂತ ಅಪರೂಪ. ರೋಲ್ಸ್ ರಾಯ್ಸ್ ಹಾಳಾದರೆ ಪ್ರಪಂಚದಲ್ಲಿ ಅದರ ಜೊತೆಯವು ಇನ್ನಷ್ಟು ಇರುತ್ತವೆ. ಡಾಲ್ಫಿನ್ನನ್ನು ನಾವು ಉಳಿಸಿಕೊಳ್ಳದಿದ್ದರೆ ಬೇರೆ ಯಾರೂ ಉಳಿಸುವುದಿಲ್ಲ.

ತುಕ್ಕು ಅಡಗುವ ಜಾಗಗಳು

ಹಳೆಯ ಕಾರು ಕೊಳ್ಳುವವರು ಮೊದಲು ಎಂಜಿನ್ ಶಬ್ದಕ್ಕೆ ಕಿವಿಗೊಡುತ್ತಾರೆ. ಅನುಭವಿಗಳು ಮೊದಲು ನೆಲಕ್ಕೆ ಮಂಡಿಯೂರಿ ಕಾರಿನ ಕೆಳಗೆ ಟಾರ್ಚ್ ಬಿಡುತ್ತಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಜೋಡಿಸಬಹುದು, ಸಿಗದಿದ್ದರೆ ಇನ್ನೊಂದನ್ನು ಹುಡುಕಬಹುದು. ಮೈ ಕೊಳೆತರೆ ಕಾರೇ ಹೋದಂತೆ.

ಕಬ್ಬಿಣ, ನೀರು, ಗಾಳಿ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಹಾಗಾಗಿ ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಬಾಳಿದ ಕಾರಿಗೂ ಬಳ್ಳಾರಿಯ ಒಣ ಬಿಸಿಲಿನಲ್ಲಿ ನಿಂತ ಕಾರಿಗೂ ಅಜಗಜಾಂತರ. ಬಳ್ಳಾರಿಯ ಕಾರಿನ ಬಣ್ಣ ಸುಟ್ಟಿರುತ್ತದೆ, ರಬ್ಬರು ಬಿರಿದಿರುತ್ತದೆ, ತಗಡು ಮಾತ್ರ ಗಟ್ಟಿ. ಕರಾವಳಿಯ ಕಾರು ಮೇಲೆ ಥಳಥಳ ಹೊಳೆಯುತ್ತಿದ್ದರೂ ಕೆಳಗೆ ಬೆರಳು ಒತ್ತಿದರೆ ಪುಡಿಯಾಗಿ ಉದುರಬಹುದು.

ತುಕ್ಕು ಕಣ್ಣಿಗೆ ಬೀಳುವಲ್ಲಿ ಶುರುವಾಗುವುದಿಲ್ಲ. ಚಕ್ರದ ಗೂಡಿನೊಳಗೆ ಮೆತ್ತಿಕೊಂಡ ಕೆಸರು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲಿನ ಗಾಜಿನ ಪಕ್ಕದಿಂದ ಇಳಿದ ಮಳೆನೀರು ಕೆಳಗಿನ ಸಣ್ಣ ತೂತುಗಳಿಂದ ಹೊರಹೋಗಬೇಕು. ಅವು ಧೂಳಿನಿಂದ ಮುಚ್ಚಿಹೋಗಿದ್ದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒದ್ದೆ ಚಪ್ಪಲಿಯ ನೀರು ರಬ್ಬರ್ ಮ್ಯಾಟಿನ ಕೆಳಗೆ ಸೇರಿ ಪಾದದಡಿಯ ತಗಡನ್ನು ತಿನ್ನುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ಕೂರಿಸುವ ತಟ್ಟೆ, ಮುಂದಿನ ಗಾಜಿನ ರಬ್ಬರಿನ ಅಡಿ, ಇವೆಲ್ಲ ಅಡಗುತಾಣಗಳೇ.

ಕೊಳ್ಳುವಾಗ ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇರಲಿ. ತೆಳುವಾದ ಬಟ್ಟೆ ಸುತ್ತಿ ಕಾರಿನ ಮೈಮೇಲೆ ಸರಿಸುತ್ತಾ ಹೋಗಿ. ತಗಡಿದ್ದಲ್ಲಿ ಅಂಟುತ್ತದೆ, ದಪ್ಪ ಪುಟ್ಟಿ ಮೆತ್ತಿದಲ್ಲಿ ಜಾರುತ್ತದೆ. ಬಣ್ಣದ ಅಂಗಡಿಯವರ ಯಾವ ಚಮತ್ಕಾರವೂ ಅಯಸ್ಕಾಂತಕ್ಕೆ ಮೋಸ ಮಾಡಲಾರದು. ಡಾಲ್ಫಿನ್ ನೋಡಲು ಹೋದವರಿಗೆ ಮಾತ್ರ ಈ ಉಪಾಯ ಫಲಿಸದು. ಅದರ ಮೈಯಲ್ಲಿ ತುಕ್ಕಿಲ್ಲ, ಬಿರುಕು ಹುಡುಕಬೇಕು. ಒಳಗಿನ ಉಕ್ಕಿನ ಚಾಸಿ ಮಾತ್ರ ಎಲ್ಲ ಕಾರುಗಳ ಹಾಗೇ ತುಕ್ಕು ಹಿಡಿಯುತ್ತದೆ.

ಟಿಂಕರ್ ಕೈಚಳಕ

ತುಕ್ಕು ಹಿಡಿದ ತಗಡಿಗೆ ಎರಡೇ ದಾರಿ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಒಂದು. ಎರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆಯೇಳುತ್ತದೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತುಂಡು ಮಾಡಿ ಬೆಸೆಯುವುದು ಇನ್ನೊಂದು. ಇದೇ ನಿಜವಾದ ಟಿಂಕರಿಂಗ್.

ಅಂಬಾಸಿಡರ್ ಮತ್ತು ಫಿಯಟ್‌ಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಹೊಸ್ತಿಲಿನಂಥ ಪೆಟ್ಟಿಗೆ ಕೊಳೆತರೆ ಕಾರು ನಡುಮಧ್ಯೆ ಜಗ್ಗುತ್ತದೆ, ಬಾಗಿಲು ಹಾಕಿದರೆ ಕೂರುವುದಿಲ್ಲ. ಅದನ್ನು ಕತ್ತರಿಸುವ ಮೊದಲು ಒಳಗೆ ಕಬ್ಬಿಣದ ಕೋಲುಗಳನ್ನು ಅಡ್ಡಕ್ಕೆ ಬೆಸೆದು ಬಿಗಿಮಾಡಬೇಕು. ಮರೆತು ಕತ್ತರಿಸಿದರೆ ಮೈ ಸೊಟ್ಟಗಾಗುತ್ತದೆ, ಆಮೇಲೆ ಯಾವ ಬಾಗಿಲೂ ತನ್ನ ಜಾಗಕ್ಕೆ ಬರುವುದಿಲ್ಲ. ಹೆರಾಲ್ಡಿನ ಕೆಲಸ ಈ ವಿಷಯದಲ್ಲಿ ಸಲೀಸು. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಬೋಲ್ಟು ಬಿಚ್ಚಿ ಮೈಯನ್ನೇ ಮೇಲೆತ್ತಬಹುದು.

ಮಡ್‌ಗಾರ್ಡಿನ ಉಬ್ಬನ್ನು ಒಬ್ಬ ನುರಿತ ಟಿಂಕರ್ ಮರಳಿ ಮೂಡಿಸುವುದನ್ನು ನೋಡಬೇಕು. ಚಪ್ಪಟೆ ತಗಡಿನ ಹಿಂದೆ ದಪ್ಪ ಕಬ್ಬಿಣದ ಗಟ್ಟಿ ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಮೆತ್ತಗೆ ಬಡಿಯುತ್ತಾನೆ. ಪ್ರತಿ ಪೆಟ್ಟಿಗೂ ತಗಡು ಒಂದಿಷ್ಟು ಹಿಗ್ಗಿ ಬಾಗುತ್ತದೆ. ನಡುನಡುವೆ ಕಣ್ಣುಮುಚ್ಚಿ ಅಂಗೈಯಿಂದ ಸವರಿ ನೋಡುತ್ತಾನೆ, ಕಣ್ಣಿಗೆ ಸಿಗದ ತಗ್ಗು ಅಂಗೈಗೆ ಸಿಗುತ್ತದೆ. ಬೆಸೆಯುವಾಗ ಬಿಸಿ ಹೆಚ್ಚಾದರೆ ತೆಳು ತಗಡು ಅಲೆಅಲೆಯಾಗಿ ಸುರುಟುತ್ತದೆ. ಅದಕ್ಕೇ ಒಂದೊಂದು ಚುಕ್ಕೆ ಬೆಸೆದು, ಒದ್ದೆ ಬಟ್ಟೆಯಲ್ಲಿ ತಣಿಸಿ, ಇನ್ನೊಂದು ಕಡೆಗೆ ಹೋಗುತ್ತಾನೆ. ಆತುರಪಡುವವರ ಕೆಲಸವಲ್ಲ ಇದು. ತಿಂಗಳುಗಟ್ಟಲೆ ಹಿಡಿಯುವುದು ಇಲ್ಲೇ, ಖರ್ಚಿನ ದೊಡ್ಡ ಪಾಲು ಹೋಗುವುದೂ ಇಲ್ಲೇ.

ಈ ವಿದ್ಯೆ ಯಾವ ಐಟಿಐ ಪುಸ್ತಕದಿಂದಲೂ ಪೂರ್ತಿ ಬರುವುದಿಲ್ಲ. ಹುಡುಗನಾಗಿ ಗ್ಯಾರೇಜು ಸೇರಿ, ಸ್ಪ್ಯಾನರ್ ಎತ್ತಿಕೊಡುತ್ತಾ, ಉಸ್ತಾದರ ಕೈ ನೋಡುತ್ತಾ ಕಲಿತವರು ಈಗ ಅರವತ್ತು ದಾಟಿದ್ದಾರೆ. ಇವತ್ತಿನ ವರ್ಕ್‌ಶಾಪಿನಲ್ಲಿ ಜಜ್ಜಿದ ಬಾಗಿಲನ್ನು ಸರಿಮಾಡುವುದಕ್ಕಿಂತ ಹೊಸದನ್ನು ಹಾಕಿಬಿಡುವುದು ಅಗ್ಗ. ಕೆಲಸವೇ ಬರದಿದ್ದರೆ ಕೈ ಪಳಗುವುದು ಹೇಗೆ? ಹಳೆಯ ಕಾರಿನ ಹವ್ಯಾಸಿಗಳು ತಮಗೆ ಗೊತ್ತಿಲ್ಲದೆಯೇ ಈ ಕಸುಬಿಗೆ ಅನ್ನ ಹಾಕುತ್ತಿದ್ದಾರೆ. ನನ್ನ ಮಟ್ಟಿಗೆ ಈ ಹವ್ಯಾಸದ ಅತಿ ದೊಡ್ಡ ಸಾರ್ಥಕ್ಯ ಅದು. ಕಾರಿನ ಜೊತೆ ಫೋಟೊ ಹಾಕಿಕೊಳ್ಳುವ ಮಾಲೀಕರು, ಆ ಕೆಲಸ ಮಾಡಿದ ಮೇಸ್ತ್ರಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು.

ಪಾಯಿಂಟು, ಕಾರ್ಬುರೇಟರು, ಡೈನಮೊ

ಈಗಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳ. ಅಂಬಾಸಿಡರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ಕೈಯಾಡಿಸುವಷ್ಟು ಜಾಗವಿದೆ, ಯಾವುದು ಏನು ಮಾಡುತ್ತದೆಂದು ಬೆರಳಿಟ್ಟು ತೋರಿಸಬಹುದು. ಕಲಿಯುವ ಮನಸ್ಸಿದ್ದ ಯಾರಿಗಾದರೂ ಅದು ತನ್ನನ್ನು ತೆರೆದು ತೋರಿಸುತ್ತದೆ. ಈ ಹವ್ಯಾಸಕ್ಕೆ ಎಂಜಿನಿಯರ್‌ಗಳಲ್ಲದವರೂ ಮರುಳಾಗುವುದು ಇದಕ್ಕೇ.

ಪೆಟ್ರೋಲು ಗಾಳಿಯೊಂದಿಗೆ ಬೆರೆಯಬೇಕು, ಸರಿಯಾದ ಕ್ಷಣಕ್ಕೆ ಕಿಡಿ ಹಾರಬೇಕು. ಈಗ ಎರಡನ್ನೂ ಕಂಪ್ಯೂಟರ್ ಚಿಪ್ಪು ನೋಡಿಕೊಳ್ಳುತ್ತದೆ. ಆಗ ಬೆರೆಸುವ ಕೆಲಸ ಕಾರ್ಬುರೇಟರಿನದು, ಕಿಡಿ ಹಾರಿಸುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ‘ಪಾಯಿಂಟ್’ ಎಂಬ ಪುಟ್ಟ ಜೋಡಿಯದು. ಎಂಜಿನ್ ತಿರುಗಿದಂತೆ ಪಾಯಿಂಟುಗಳು ಕೂಡುತ್ತವೆ, ಬಿಡುತ್ತವೆ. ಬಿಟ್ಟ ಕ್ಷಣದಲ್ಲಿ ಕಿಡಿ. ಬಿಡುವಾಗಿನ ಅಂತರ ಸುಮಾರು 0.4 ಮಿಲಿಮೀಟರ್. ಅದು ಸವೆದು ಬದಲಾದರೆ ಕಾರು ಕೆಮ್ಮುತ್ತದೆ, ಏರಿನಲ್ಲಿ ಸೋಲುತ್ತದೆ. ದಾರಿಯಲ್ಲಿ ಕೈಕೊಟ್ಟ ಕಾರಿನ ಪಾಯಿಂಟನ್ನು ಮರಳುಕಾಗದದಲ್ಲಿ ಉಜ್ಜಿ ಹೊರಟ ನೆನಪು ಅಂದಿನ ಡ್ರೈವರುಗಳಿಗೆಲ್ಲ ಇದೆ.

ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿ ಹತ್ತುವಾಗ ಕಾರು ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕುತ್ತಿದ್ದುದೂ ಎಷ್ಟೋ ಮನೆಗಳ ನೆನಪು. ಬಿಸಿಲಿಗೆ ಪೈಪಿನೊಳಗಿನ ಪೆಟ್ರೋಲೇ ಆವಿಯಾಗಿ ಎಂಜಿನ್ನಿಗೆ ತಲುಪದೆ ಕಾರು ನಿಲ್ಲುವುದೂ ಇತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸುವುದು ಅದಕ್ಕೆ ಮದ್ದು. ಇವತ್ತೂ ಅದೇ ಮದ್ದು.

ಇನ್ನೊಂದು ಎಚ್ಚರ. ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಈಗಿನ ಕಾರುಗಳಲ್ಲಿ ಮೈಗೆ ಜೋಡಿಸುವುದು ನೆಗೆಟಿವ್. ಗೊತ್ತಿಲ್ಲದೆ ಈಗಿನ ರೀತಿಯಲ್ಲಿ ಬ್ಯಾಟರಿ ಕೂರಿಸಿದರೆ ಡೈನಮೊಗೂ ಆಮೇಲೆ ಹಾಕಿಸಿದ ರೇಡಿಯೊಗೂ ಕುತ್ತು. ಬ್ಯಾಟರಿ ಮುಟ್ಟುವ ಮೊದಲು ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಿಕೊಳ್ಳಬೇಕು.

ಪೆಟ್ರೋಲೇ ಬದಲಾಯಿತು

ಹಳೆಯ ಕಾರುಗಳ ಕಾಲದ ಪೆಟ್ರೋಲಿನಲ್ಲಿ ಸೀಸದ ಅಂಶವಿತ್ತು. ಅದು ಎಂಜಿನ್ನಿನ ವಾಲ್ವುಗಳು ಬಡಿದು ಕೂರುವ ಜಾಗಕ್ಕೆ ತೆಳುವಾದ ಲೇಪದಂತೆ ರಕ್ಷಣೆ ಕೊಡುತ್ತಿತ್ತು. ಮಕ್ಕಳ ಮಿದುಳಿಗೂ ಎಲ್ಲರ ಆರೋಗ್ಯಕ್ಕೂ ಸೀಸ ವಿಷ. ಹಾಗಾಗಿ 2000ನೇ ಇಸವಿಯ ಹೊತ್ತಿಗೆ ಭಾರತ ಅದನ್ನು ಪೂರ್ತಿ ಕೈಬಿಟ್ಟಿತು, ಬಿಡಲೇಬೇಕಿತ್ತು. ಹಳೆಯ ಎಂಜಿನ್ನಿನ ಹೆಡ್ ಬಿಚ್ಚಿದಾಗ ಲೇತ್‌ನವರಲ್ಲಿ ಗಟ್ಟಿ ಉಕ್ಕಿನ ವಾಲ್ವ್ ಸೀಟ್ ಕೂರಿಸಿಕೊಂಡರೆ ಈ ತೊಂದರೆ ಮುಗಿಯುತ್ತದೆ.

ಈಗಿನ ಸವಾಲು ಎಥೆನಾಲ್. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕಾಗುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ಪಂಪಿನ ಪೊರೆ, ಕಾರ್ಬುರೇಟರಿನ ವಾಷರುಗಳನ್ನು ಎಥೆನಾಲ್ ಮೆತ್ತಗಾಗಿಸಿ ಬಿರಿಯುವಂತೆ ಮಾಡುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಎಥೆನಾಲ್ ತಡೆಯುವ ಪೈಪುಗಳನ್ನು ಹಾಕಿಸುವುದು, ನಿಲ್ಲಿಸಿಡುವ ಕಾರಿನ ಟ್ಯಾಂಕು ಖಾಲಿ ಮಾಡುವುದು, ಕೈಗೆಟಕುವಲ್ಲಿ ಅಗ್ನಿಶಾಮಕ ಡಬ್ಬಿ ಇಡುವುದು ಇವತ್ತು ಪ್ರತಿ ಹಳೆಯ ಕಾರಿಗೂ ಕಡ್ಡಾಯ.

ಬಿಡಿಭಾಗದ ಬೇಟೆ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲು, ಶಿವಾಜಿನಗರದ ಗುಜರಿ ಓಣಿಗಳು ಹವ್ಯಾಸಿಗಳ ಯಾತ್ರಾಸ್ಥಳ. ಅಂಬಾಸಿಡರಿನ ಸಾಮಾನು ಈಗಲೂ ಸಾಕಷ್ಟು ಸಿಗುತ್ತದೆ. ಅದರ 1489 ಸಿಸಿ ಎಂಜಿನ್ ಬ್ರಿಟನ್ನಿನ ಎಂಜಿ ಸ್ಪೋರ್ಟ್ಸ್ ಕಾರುಗಳ ಎಂಜಿನ್ನಿನ ದಾಯಾದಿ. ಹಾಗಾಗಿ ಅಲ್ಲಿನ ಹವ್ಯಾಸಿಗಳಿಗಾಗಿ ಈಗಲೂ ತಯಾರಾಗುವ ಕೆಲವು ಭಾಗಗಳು ನಮ್ಮ ಅಂಬಾಸಿಡರಿಗೂ ಹೊಂದುತ್ತವೆ. ಫಿಯಟ್‌ನ ಎಂಜಿನ್ ಸಾಮಾನು ಸಿಗುತ್ತದೆ. ಹಳೆಯ ಮಾದರಿಯ ದೀಪದ ಉಂಗುರ, ಬಾಗಿಲ ಹಿಡಿ, ಗಡಿಯಾರದಂಥ ಚಿಕ್ಕವಸ್ತುಗಳೇ ಸಿಗದೆ ಸತಾಯಿಸುತ್ತವೆ.

ಎಲ್ಲೂ ಸಿಗದ್ದನ್ನು ಮಾಡಿಸಬೇಕು. ಸವೆದ ಬುಷ್ ಒಂದನ್ನು ಲೇತ್‌ನವರ ಮುಂದಿಟ್ಟರೆ ಅಳತೆ ತೆಗೆದು ಕಂಚಿನಲ್ಲಿ ಹೊಸದನ್ನು ಕಡೆದುಕೊಡುತ್ತಾರೆ. ಡ್ಯಾಶ್‌ಬೋರ್ಡಿನ ಒಡೆದ ಗುಂಡಿಗಳನ್ನು ಈಗ ಹುಡುಗರು 3ಡಿ ಪ್ರಿಂಟರಿನಲ್ಲಿ ಮೂಡಿಸುತ್ತಾರೆ. ಬಂಪರಿನ ಕ್ರೋಮ್ ಹೊಳಪು ಬೇಕೆಂದರೆ ತಾಮ್ರ, ನಿಕಲ್, ಕೊನೆಗೆ ಕ್ರೋಮ್ ಹೀಗೆ ಪದರಪದರವಾಗಿ ಲೇಪಿಸಬೇಕು. ತಾಮ್ರದ ಪದರ ತಪ್ಪಿಸಿ ಕೊಟ್ಟ ಅಗ್ಗದ ಕ್ರೋಮ್ ಬೇಗ ಸಿಪ್ಪೆಯೇಳುತ್ತದೆ. ಲೇಪಕ್ಕೆ ಮೊದಲು ಉಜ್ಜುವಾಗ ಕೈ ಜೋರಾದರೆ ಅಚ್ಚಾಗಿದ್ದ ಅಕ್ಷರಗಳೇ ಅಳಿಸಿಹೋಗುತ್ತವೆ.

ಎಷ್ಟು ಹೊಸದಾಗಬೇಕು?

ಹವ್ಯಾಸಿಗಳ ನಡುವೆ ಮುಗಿಯದ ವಾದವೊಂದಿದೆ. ಕಾರು ಕಾರ್ಖಾನೆಯಿಂದ ಇವತ್ತು ಹೊರಬಂದಂತೆ ಹೊಳೆಯಬೇಕೇ, ಅಥವಾ ಬಾಳಿದ ಬದುಕಿನ ಗುರುತುಗಳನ್ನು ಉಳಿಸಿಕೊಳ್ಳಬೇಕೇ? ಫಿವಾ ಒಕ್ಕೂಟ 2013ರಲ್ಲಿ ಒಪ್ಪಿಕೊಂಡ ‘ಟ್ಯೂರಿನ್ ಸನ್ನದು’ ಎರಡನೆಯದರ ಕಡೆ ವಾಲುತ್ತದೆ. ಇದ್ದದ್ದನ್ನು ಕಾಪಾಡುವುದು ಮೊದಲು, ಬದಲಿಸುವುದು ಕೊನೆಗೆ. ಬದಲಿಸಿದರೂ ಏನು ಬದಲಾಯಿತೆಂದು ಬರೆದಿಡಬೇಕು.

ನಾನೂ ಆ ಪಕ್ಷದವನು. ಡ್ರೈವರ್ ಸೀಟಿನ ರೆಕ್ಸಿನ್ ಮೇಲೆ ದಶಕಗಳ ಕಾಲ ಒಬ್ಬರೇ ಕೂತು ಮೂಡಿದ ತಗ್ಗು, ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಸವೆಸಿದ ಜಾಗ, ಗಾಜಿನ ಮೂಲೆಯಲ್ಲಿ ಯಾವುದೋ ಊರಿನ ಟೂರಿಂಗ್ ಟ್ಯಾಕ್ಸಿ ಸಂಘದ ಮಾಸಿದ ಚೀಟಿ, ಇವು ಒಮ್ಮೆ ಹೋದರೆ ಹೋದವೇ. ಸಿಂಗಪುರದಿಂದ ತಂದ ದುಬಾರಿ ಚರ್ಮದ ಸೀಟು ಹಾಕಿಸಿದ ಅಂಬಾಸಿಡರ್ ಎಷ್ಟೇ ಸುಖವಾಗಿರಲಿ, ನಮ್ಮ ತಾಲ್ಲೂಕು ಕಚೇರಿಯ ಮುಂದೆ ನಿಲ್ಲುತ್ತಿದ್ದ ಅಂಬಾಸಿಡರ್ ಅದಾಗುವುದಿಲ್ಲ. ಬಣ್ಣ ಹೊಡೆಸಲೇಬೇಕಾದಾಗ ಡ್ಯಾಶ್‌ಬೋರ್ಡಿನ ಹಿಂದೆ, ಡಿಕ್ಕಿಯ ಒಳಮೂಲೆಯಲ್ಲಿ ಬಿಸಿಲು ಕಾಣದೆ ಉಳಿದ ಮೂಲ ಬಣ್ಣ ಹುಡುಕಿ ಅದಕ್ಕೆ ಹೊಂದಿಸಬಹುದು.

ಹಾಗೆಂದು ಸುರಕ್ಷತೆಯಲ್ಲಿ ಹಟ ಸಲ್ಲದು. ಸೀಟ್ ಬೆಲ್ಟ್, ಒಳ್ಳೆಯ ಟೈರು, ಕಾಣುವಷ್ಟು ಬೆಳಕು ಕೊಡುವ ದೀಪ ಹಾಕಿಸಿದರೆ ಚರಿತ್ರೆಗೇನೂ ನಷ್ಟವಿಲ್ಲ. ಹಳೆಯದನ್ನು ಬಿಸಾಡದೆ ಡಬ್ಬಿಯಲ್ಲಿಟ್ಟರೆ ಮುಂದಿನವರು ಮತ್ತೆ ಜೋಡಿಸಬಹುದು. ಎಂಜಿನ್ ಕಿತ್ತು ವಿದ್ಯುತ್ ಮೋಟಾರು ಕೂರಿಸುವ ಹೊಸ ಗೀಳಿಗೂ ಇದೇ ಮಾತು. ಮೈಯನ್ನು ಕೊಯ್ಯದೆ, ಮರಳಿ ಜೋಡಿಸುವಂತೆ ಮಾಡಿದ್ದರೆ ಸರಿ, ಇಲ್ಲದಿದ್ದರೆ ಒಂದು ಹಳೆಯ ಕಾರು ಕಡಿಮೆಯಾಯಿತು.

ಓಡಿಸುವುದೇ ಆರೈಕೆ

ಹೊದಿಕೆ ಹೊದಿಸಿ ಶೆಡ್ಡಿನಲ್ಲಿಟ್ಟರೆ ಕಾರು ಉಳಿಯುತ್ತದೆ ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಆಯಿಲ್ ಇಳಿದು ಒಳಗಿನ ಲೋಹ ಬರಿದಾಗುತ್ತದೆ, ಬ್ರೇಕಿನ ರಬ್ಬರು ಅಂಟಿಕೊಳ್ಳುತ್ತದೆ, ಇಲಿಗಳು ವೈರು ಕಡಿಯುತ್ತವೆ. ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಇನ್ನೂ ಕೆಟ್ಟದ್ದು. ಎಂಜಿನ್ ಬಿಸಿಯಾಗುವ ಮೊದಲೇ ಆರಿಸಿದರೆ ಸೈಲೆನ್ಸರಿನೊಳಗೆ ನೀರು ಕಟ್ಟಿ ಒಳಗಿನಿಂದಲೇ ತುಕ್ಕು. ಎಂಜಿನ್ ಪೂರ್ತಿ ಬಿಸಿಯಾಗಿ, ಗೇರು, ಬ್ರೇಕು, ಸ್ಪ್ರಿಂಗು ಎಲ್ಲಕ್ಕೂ ಕೆಲಸ ಸಿಗುವಂತೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಬೇಕು.

ಮುಚ್ಚುವುದಕ್ಕೆ ಗಾಳಿಯಾಡುವ ಹತ್ತಿಬಟ್ಟೆ ಇರಲಿ, ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ ತೇವ ಕಟ್ಟಿಕೊಂಡು ಬೆವರಿದಂತಾಗುತ್ತದೆ. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ವರ್ಷಕ್ಕೆರಡು ರ್‍ಯಾಲಿಗೆ ಹೊರಡುವ ಕಾರುಗಳ ಟೈರು ಸಿಡಿಯುವುದು ಇದರಿಂದಲೇ.

ಕಾಗದಪತ್ರ ಮತ್ತು ಹೊಗೆ

2021ರ ವಿಂಟೇಜ್ ನಿಯಮದಡಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಮಾನ್ಯತೆ, ಆಮೇಲಿನ ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಾಯಿಸಿದವಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಮೊದಲೇ ನೋಂದಣಿಯಾದವು ಹಳೆಯ ಸಂಖ್ಯೆ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರದ ಫಲಕ ಹೊತ್ತ ಕಾರಿದ್ದವರಿಗೆ ಇದು ದೊಡ್ಡ ಸಮಾಧಾನ. ಈ ನೋಂದಣಿ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೆ ರಸ್ತೆಗಿಳಿಯಬಹುದು.

ಐವತ್ತು ತುಂಬದ ಕಾರುಗಳ ಪಾಡು ಕಷ್ಟ. 1980ರ ದಶಕದ ಪದ್ಮಿನಿಗೆ, ಕಾಂಟೆಸಾಗೆ ವಿಂಟೇಜ್ ಮಾನ್ಯತೆಯಿಲ್ಲ. ಅವು ಸಾಮಾನ್ಯ ಹಳೆಯ ವಾಹನಗಳಂತೆ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಬೇಕು. 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಮೂವತ್ತರಿಂದ ಐವತ್ತರ ನಡುವಿನ ಈ ಕಾರುಗಳಿಗೆ ನಮ್ಮ ನಿಯಮಗಳಲ್ಲೊಂದು ಜಾಗ ಬೇಕು. ಇಲ್ಲದಿದ್ದರೆ ಐವತ್ತು ತುಂಬುವಷ್ಟರಲ್ಲಿ ಉಳಿದಿರುವುದೇ ಇಲ್ಲ.

ಹೊಗೆಯ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. ಈಗಿನ ಕಾರುಗಳಲ್ಲಿರುವ ಹೊಗೆ ಶುದ್ಧಿಸುವ ಯಾವ ಸಾಧನವೂ ಹಳೆಯ ಕಾರುಗಳಲ್ಲಿಲ್ಲ, ಕಿಲೋಮೀಟರಿನ ಲೆಕ್ಕದಲ್ಲಿ ಅವು ಹೆಚ್ಚೇ ಕಕ್ಕುತ್ತವೆ. ಆದರೆ ವಾರಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡುವ ಕಾರು, ದಿನವಿಡೀ ಓಡುವ ಕಾರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಾರ್ಬುರೇಟರನ್ನು ಸರಿಯಾಗಿ ಹೊಂದಿಸಿಟ್ಟುಕೊಳ್ಳುವುದು ಮಾಲೀಕರ ಹೊಣೆ.

ಅಜ್ಜನ ಶೆಡ್ಡಿನಲ್ಲಿ ಕಾರಿದ್ದರೆ

ಊರಿನ ಮನೆಯ ಹಿಂದೆ ಹಳೆಯ ಕಾರೊಂದು ನಿಂತಿದೆಯೇ? ಮೊದಲ ಮಾತು, ಬ್ಯಾಟರಿ ತಂದು ಸೆಲ್ಫ್ ಹೊಡೆಯಬೇಡಿ. ವರ್ಷಗಳಿಂದ ನಿಂತ ಎಂಜಿನ್ನಿನೊಳಗೆ ಪಿಸ್ಟನ್ ರಿಂಗುಗಳು ಅಂಟಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತುಗಳಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಕೆಲವು ದಿನ ಇಳಿಯಲು ಬಿಡಿ. ಆಮೇಲೆ ಪ್ಲಗ್ ಇಲ್ಲದೆಯೇ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಎಂಜಿನ್ ಹೊತ್ತಿಸಲು ಹ್ಯಾಂಡಲ್ ಹೊಡೆಯುವ ದಿನ ಬಂದಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ, ಹಿಡಿಯ ಸುತ್ತ ಸುತ್ತಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಬೆರಳು, ಮಣಿಕಟ್ಟು ಮುರಿಯುತ್ತದೆ.

ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಟ್ಯಾಂಕು ತೊಳೆಸಿ. ಎಂಜಿನ್ ಆಯಿಲ್ ಬದಲಿಸಿ. ಕಾರು ಸ್ಟಾರ್ಟ್ ಆಗುವುದಕ್ಕಿಂತ ಮೊದಲು ನಿಲ್ಲುವಂತಾಗಬೇಕು. ನಾಲ್ಕೂ ಚಕ್ರದ ಬ್ರೇಕ್ ಸಿಲಿಂಡರುಗಳ ರಬ್ಬರು ಬದಲಿಸಿ, ಹೊಸ ಬ್ರೇಕ್ ಆಯಿಲ್ ತುಂಬಿಸದೆ ಒಂದಡಿಯೂ ಮುಂದೆ ಹೋಗಬೇಡಿ. ಬಿಚ್ಚುವ ಪ್ರತಿ ಭಾಗದ ಫೋಟೊ ತೆಗೆದುಕೊಳ್ಳಿ, ನಟ್ಟುಬೋಲ್ಟುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿ. ಅರ್ಧಕ್ಕೆ ನಿಂತ ರಿಪೇರಿಗಳಲ್ಲಿ ಹೆಚ್ಚಿನವು ದುಡ್ಡಿನ ಕೊರತೆಗಿಂತ, ಯಾವುದು ಎಲ್ಲಿಯದೆಂದು ಮರೆತದ್ದರಿಂದ ನಿಂತವು.

ಕಾರಿಗೆ ಕೈಹಾಕುವ ಮುನ್ನವೇ ಅಜ್ಜನ ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಎಂಜಿನ್, ಚಾಸಿ ಸಂಖ್ಯೆಗಳು ಕಾರಿನ ಮೇಲೆ ಅಚ್ಚಾದವುಗಳಿಗೆ ತಾಳೆಯಾಗುತ್ತವೆಯೇ ನೋಡಿ. ಮಾಲೀಕರು ತೀರಿಕೊಂಡಿದ್ದರೆ ಆರ್‌ಟಿಒದಲ್ಲಿ ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮರಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಲಿ. ಚಿಕ್ಕಪ್ಪ, ಅತ್ತೆಯರೆಲ್ಲ ಒಂದೆಡೆ ಸೇರುವ ಹಬ್ಬದ ದಿನ ಆ ಸಹಿಗಳನ್ನು ಹಾಕಿಸಿಕೊಳ್ಳುವುದು ಸುಲಭ. ಅದೇ ಹೊತ್ತಿಗೆ ಕಾರಿನ ಹಳೆಯ ಫೋಟೊ ಯಾರ ಆಲ್ಬಂನಲ್ಲಿದೆ ಎಂದೂ ಕೇಳಿ. ಮೂಲ ಬಣ್ಣ ಯಾವುದು, ಬಂಪರಿನ ಮೇಲೆ ಏನಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಟಿಂಕರ್‌ಗೆ ಬೇರೆಲ್ಲೂ ಸಿಗುವುದಿಲ್ಲ.